ರಜಿಸ್ಟರಿನ ಕೆಳಗಿನ ಪೆನ್ನು

ಯಾರಾದರೂ ಕಣ್ಣಾರೆ ಕಂಡೆ ಎಂದು ಆಣೆ ಮಾಡಿದರೆ ನಾನು ಸ್ವಲ್ಪ ಹಿಂದೆ ಸರಿದು ಕೂರುತ್ತೇನೆ. ಏಕೆಂದರೆ ಕಣ್ಣಿನ ನೌಕರಿ ಮಾಡಿದವನು ನಾನು. ಇಳಕಲ್ಲಿನ ಕಡೆಯ ಒಂದು ದವಾಖಾನೆಯಲ್ಲಿ, ಎರಡು ಸಾವಿರದ ಇಸವಿ ದಾಟಿದ ಕಾಲದಲ್ಲಿ, ಗಾಜಿನ ಮೇಲೆ ಸವರಿದ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಮಲೇರಿಯಾ ಇದೆಯೋ ಇಲ್ಲವೋ ಹೇಳುತ್ತಿದ್ದೆ. ಆಗ ಹೊಸ ಕಿಟ್ ಬಂತು. ಒಂದು ಹನಿ ರಕ್ತ ಹಾಕಿದರೆ, ರೋಗವಿದ್ದಲ್ಲಿ ಕಾಲು ತಾಸಿನಲ್ಲಿ ಕೆಂಪು ಗೆರೆ. ಮೆದುಳಿಗೇರುವ ಮಲೇರಿಯಾ ಜಾತಿಯನ್ನು ಮಾತ್ರ ಅದು ಹಿಡಿಯುತ್ತಿತ್ತು. ದಿನ ಬಿಟ್ಟು ದಿನ ನಡುಗಿಸುವ ಜಾತಿಗೆ ಗಾಜೇ ಗತಿ. ಕೆಲವು ವಾರ ಎರಡನ್ನೂ ಹೋಲಿಸಿ ಬರೆಯಿರಿ ಎಂದರು ಡಾಕ್ಟರು. ಷರತ್ತು ಒಂದೇ: ಕಿಟ್ ನೋಡಿಕೊಂಡು ಗಾಜು ಓದಬಾರದು.

ನಾನು ಕಿಟ್ಟಿನ ಮೇಲೆ ರಜಿಸ್ಟರು ಮುಚ್ಚಿಡುತ್ತಿದ್ದೆ. ಆದರೆ ಪೆನ್ನು ಹೇಗೋ ಅದರ ಕೆಳಗೇ ಸೇರಿರುತ್ತಿತ್ತು; ತೆಗೆಯಹೋದರೆ ಕಿಟ್ಟೂ ಕಣ್ಣಿಗೆ ಬೀಳುತ್ತಿತ್ತು. ಗೆರೆ ಮೂಡಿದ್ದರೆ ಗಾಜಿನಲ್ಲಿ ಅರ್ಧ ತಾಸು ಹುಡುಕುವ ಉತ್ಸಾಹ. ಮೂಡದಿದ್ದರೆ ಚಹಾದ ನೆನಪು. ಫಲಿತಾಂಶಗಳು ಎಷ್ಟು ತಾಳೆಯಾದವೆಂದರೆ, "ಏನ್ರಿ, ಅಣ್ಣತಮ್ಮರೂ ಇಷ್ಟು ಹೊಂದ್ಕೊಂಡಿರಂಗಿಲ್ಲ!" ಎಂದು ಡಾಕ್ಟರು ಬೆನ್ನು ತಟ್ಟಿದರು. ಕಿಟ್ಟಿಗೆ ಒಂದು ಜಾತಿ ಕಾಣುವುದೇ ಇಲ್ಲವೆಂದು ಗೊತ್ತಿದ್ದೂ ಈ ತಾಳೆ ನನಗೆ ವಿಚಿತ್ರವೆನಿಸಲಿಲ್ಲ. ಹೊಗಳಿಕೆಯಂತೂ ತೀರ ಸಹಜವೆನಿಸಿತು.

ಆ ವಾರವೇ ನೇಕಾರರ ಮನೆಯ ಶಂಕ್ರವ್ವ ಬಂದರು. ಜ್ವರದಿಂದಾಗಿ ಮದುವೆಯ ಸೀರೆಯೊಂದು ಮಗ್ಗದ ಮೇಲೆ ಅರ್ಧಕ್ಕೇ ನಿಂತಿತ್ತು. ಅವರ ಕಿಟ್ಟಿನಲ್ಲಿ ಗೆರೆ ಮೂಡಿರಲಿಲ್ಲ.

"ಏನೂ ಇಲ್ಲಬೇ, ಬರೇ ದಣಿವು," ಎಂದೆ.

"ದಣಿವು ದಿನಾ ಬಿಟ್ಟು ದಿನಾ ಮೂರು ಗಂಟೇಕ್ಕ ಬರ್ತೈತೇನ್ರಿ ಸಾಹೇಬ್ರ? ನಮ್ಮೂರ ಬಸ್ಸೂ ಅಷ್ಟು ಹೊತ್ತಿಗೆ ಸರಿಯಾಗಿ ಬರಂಗಿಲ್ಲ."

"ನೋಡೇನಲ್ಲಬೇ..."

"ಎಷ್ಟೊತ್ತು ನೋಡಿದ್ರಿ? ನನಗಿಂತ ಮೊದಲಿನಾಕಿದು ಅರ್ಧಾ ತಾಸು ನೋಡಿದ್ರಿ. ನಂದು ಒಂದು ಎಲಿ ಅಡಿಕಿ ಅಗಿಯೂದ್ರಾಗ ಮುಗೀತು. ಸೆರಗಿನಾಗ ಎಳಿ ತಪ್ಪಿಲ್ಲಂತ ತಿಳ್ಕೊಂಡು ನೋಡಿದ್ರ ತಪ್ಪಿದ್ದು ಕಾಣ್ತೈತೇನ್ರಿ?"

ಸಿಟ್ಟಿನಿಂದಲೇ ಮತ್ತೆ ಕಣ್ಣಿಟ್ಟೆ. ಹೆಚ್ಚು ದೂರ ಹೋಗಬೇಕಾಗಲಿಲ್ಲ. ರಕ್ತಕಣಗಳೊಳಗೆ ಉಂಗುರದಂಥ ರೋಗಾಣುಗಳು ಆರಾಮಾಗಿ ಕುಳಿತಿದ್ದವು. ಗುಳಿಗೆ ಕೊಟ್ಟೆ; ಶಂಕ್ರವ್ವ ಮಗ್ಗಕ್ಕೆ ಮರಳಿದರು. ನಾನು ಗೆರೆ ಮೂಡದವರ ಹಳೆಯ ಗಾಜುಗಳನ್ನೆಲ್ಲ ಹೊರತೆಗೆದು ಮತ್ತೆ ಓದಿದೆ. ಇನ್ನೂ ಕೆಲವರನ್ನು ಕರೆಸಬೇಕಾಯಿತು. ತಾಳೆ ಕೆಟ್ಟಿತು, ಡಾಕ್ಟರು ಮತ್ತೆ ಬೆನ್ನು ತಟ್ಟಲಿಲ್ಲ.

ಅಂದಿನ ದಿನಚರಿಯಲ್ಲಿ, 'ನನಗೇ ಸಂಶಯ ಬಂದು ಗಾಜನ್ನು ಮತ್ತೆ ನೋಡಿದೆ' ಎಂದಿದೆ. ಶಂಕ್ರವ್ವನ ಹೆಸರೇ ಇಲ್ಲ. ನೆನಪು ಬೇರೆಯೇ ಹೇಳುತ್ತದೆ. ಅದಕ್ಕೇ ಈಗ ಹಳೆಯದೇನಾದರೂ ಬರೆಯುವಾಗ ದಿನಚರಿಯನ್ನು ಮುಚ್ಚಿಟ್ಟು, ಮೊದಲು ನೆನಪಿನಲ್ಲಿದ್ದದ್ದನ್ನು ಬರೆಯುತ್ತೇನೆ. ಪೆನ್ನು ಮಾತ್ರ ಹೇಗೋ ಯಾವಾಗಲೂ ದಿನಚರಿಯೊಳಗೇ ಇರುತ್ತದೆ.