ಎಚ್‌ಡಿಯಲ್ಲಿ ನುಗ್ಗೆಸೊಪ್ಪಿನ ಒಬ್ಬಟ್ಟು

ದೇವರಲ್ಲಿ ನನಗೆ ಎಷ್ಟು ಭಕ್ತಿಯಿದೆಯೋ ಹೇಳಲಾರೆ. ಕೇಬಲ್ ಟೀವಿಯ ಚಾನೆಲ್‌ಗಳಿಗೆ ನಂಬರು ಕೊಡುವ ಪುಣ್ಯಾತ್ಮರ ಮೇಲಂತೂ ಅಪಾರ ಭಕ್ತಿ. ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿಡಲು ನನ್ನಿಂದ ಇವತ್ತಿನವರೆಗೂ ಆಗಿಲ್ಲ. ಅವರು ನೂರಾರು ಚಾನೆಲ್‌ಗಳಿಗೆ ಬಡಾವಣೆ ಕಟ್ಟಿದ್ದಾರೆ: ಕನ್ನಡಕ್ಕೊಂದು ಬೀದಿ, ಕ್ರಿಕೆಟ್ಟಿಗೊಂದು, ಕಾರ್ಟೂನಿಗೊಂದು. ಭಕ್ತಿ ಚಾನೆಲ್ಲಿನ ಪಕ್ಕದಲ್ಲೇ ದಿನವಿಡೀ ಕುಕ್ಕರು, ಸೀರೆ ಮಾರುವ ಚಾನೆಲ್. ದೇವಸ್ಥಾನದ ಮುಂದೆ ಅಂಗಡಿ ಇರಬೇಕೆಂಬುದು ಅವರಿಗೂ ಗೊತ್ತು! ಇನ್ನು ಎಚ್‌ಡಿ ಎಂಬುದಂತೂ ದೊಡ್ಡ ಚಮತ್ಕಾರ. ಅದೇ ಚಾನೆಲ್, ಅದೇ ಕಾರ್ಯಕ್ರಮ, ಆದರೆ ಫಳಫಳ ಹೊಳೆಯುತ್ತ ಬೇರೆಲ್ಲೋ ದೂರದ ನಂಬರಿನಲ್ಲಿ ವಾಸ. ರಾಜಾಜಿನಗರದ ಬಾಡಿಗೆ ಮನೆಯಲ್ಲಿದ್ದವರು ಊರಾಚೆಯ ಬ್ಯಾಡರಹಳ್ಳಿಯಲ್ಲಿ ಸೈಟು ಮಾಡಿ ದೊಡ್ಡ ಮನೆ ಕಟ್ಟಿಸಿಕೊಂಡ ಹಾಗೆ.

ಈ ಭಕ್ತಿಗೆ ಪರೀಕ್ಷೆ ಬಂದದ್ದು ನನ್ನ ಹೆಂಡತಿ ವಸಂತಾ ಟೀವಿಯಲ್ಲಿ ಬರುವ ದಿನ. ಟೀವಿಯವರು ಆರ್‌ಪಿಸಿ ಲೇಔಟಿನ ನಮ್ಮ ಮನೆಗೇ ಬಂದು ಅಡುಗೆ ಕಾರ್ಯಕ್ರಮ ಚಿತ್ರೀಕರಿಸಿಕೊಂಡು ಹೋಗಿದ್ದರು. ಯಾರೂ ಮಾಡದ ತಿಂಡಿ ಮಾಡಿ ಎಂದಿದ್ದರಂತೆ. ಇವಳು ನುಗ್ಗೆಸೊಪ್ಪಿನ ಒಬ್ಬಟ್ಟು ಮಾಡಿದ್ದಳು. ಅದನ್ನು ನೋಡಲು ಕೆಂಗೇರಿಯಿಂದ ಅತ್ತೆ ಬಂದಿದ್ದರು, ಎದುರುಮನೆಯ ಶಾರದಾ ಆಂಟಿ ಬಂದಿದ್ದರು. "ಎಚ್‌ಡಿಯಲ್ಲೇ ತೋರಿಸ್ತೀನಿ, ನೋಡ್ತಾ ಇರಿ" ಎಂದು ನಾನು ಬೇರೆ ಜಂಬ ಕೊಚ್ಚಿಕೊಂಡಿದ್ದೆ.

ರಿಮೋಟು ಒತ್ತಿದರೆ ನಮ್ಮ ಎಚ್‌ಡಿ ಇದ್ದ ಜಾಗದಲ್ಲಿ ಮೊಸಳೆಯೊಂದು ಜಿಂಕೆಯ ಕಾಲು ಹಿಡಿದಿತ್ತು. ಮುಂದಿನದರಲ್ಲಿ ಯಾವುದೋ ಭಾಷೆಯ ಸೊಸೆ ಅಳುತ್ತಿದ್ದಳು. "ಸ್ವಲ್ಪ ಇರಿ ಅಳಿಯಂದ್ರೇ, ಪಾಪ, ಯಾಕೆ ಅಳ್ತಾಳೋ ನೋಡೋಣ" ಎಂದರು ಅತ್ತೆ. ವಸಂತಾಳ ಮುಖ ಬಾಡಿತು. "ರೀ, ಶುರುವಾಗೋ ಹೊತ್ತಾಯ್ತು. ಮಾಮೂಲಿ ನಂಬರಿಗೇ ಹಾಕ್ರೀ, ಕಂಡ್ರೆ ಸಾಕು."

ಆಡಿದ ಮಾತು ಬಿಡುವುದುಂಟೇ? ಕೇಬಲ್ ಮಂಜಣ್ಣನಿಗೆ ಫೋನು ಹಚ್ಚಿದೆ.

"ಸಾರ್, ಚಾನೆಲ್ ನಂಬರ್‌ಗಳ ಲೈನಪ್ ಚೇಂಜ್ ಆಗೈತೆ. ಎಚ್‌ಡಿನೆಲ್ಲಾ ಆಯಾ ಭಾಷೆ ಜೊತೇಲೇ ಇಟ್ಟವ್ರೆ. ಮಾಮೂಲಿ ಚಾನೆಲ್ ಹಾಕಿ, ಒಂದು ನಂಬರ್ ಹಿಂದಕ್ಕೋಗಿ, ಅಷ್ಟೇ."

ನಾನು ಊರೆಲ್ಲ ಹುಡುಕುತ್ತಿದ್ದರೆ ಅದು ಪಕ್ಕದ ಮನೆಗೇ ಬಂದು ಕೂತಿತ್ತು! ಇಷ್ಟು ಚಾನೆಲ್‌ಗಳ ಗಂಟುಮೂಟೆಯನ್ನು ಸದ್ದಿಲ್ಲದೆ ಎತ್ತಿ ಸಾಗಿಸಿದವರಿಗೆ ಮನಸ್ಸಿನಲ್ಲೇ ಕೈಮುಗಿದು ಗುಂಡಿ ಒತ್ತಿದೆ.

ಅಬ್ಬಾ! ಕಾವಲಿಯ ಮೇಲೆ ತುಪ್ಪದ ಒಂದೊಂದು ಗುಳ್ಳೆಯೂ ಕಾಣುತ್ತಿತ್ತು. ಒಬ್ಬಟ್ಟಿನ ಅಂಚು ಕೆಂಪಗಾಗುವುದು ಕಾಣುತ್ತಿತ್ತು. ವಸಂತಾಳ ಬಲಗೆನ್ನೆಯ ಮೇಲೆ ಪುಟ್ಟ ಮಚ್ಚೆಯೊಂದಿತ್ತು. ಇಷ್ಟು ವರ್ಷ ಎದುರಿಗೇ ಓಡಾಡಿದ ಮುಖ. ಆ ಮಚ್ಚೆಯನ್ನು ನನಗೆ ಟೀವಿ ತೋರಿಸಬೇಕಾಯಿತು. ನನ್ನ ಹೆಂಡತಿ ಎಷ್ಟು ಚೆನ್ನಾಗಿದ್ದಾಳೆ ಎನ್ನಿಸಿತು.

ಕೊನೆಯಲ್ಲಿ ಗಂಡನಾದವನು ರುಚಿ ನೋಡಿ ಒಂದು ಮಾತು ಹೇಳುವುದು ಆ ಕಾರ್ಯಕ್ರಮದ ಪದ್ಧತಿ. ನಾನು "ಸೂಪರ್!" ಎಂದು ಜೋರಾಗಿಯೇ ಹೇಳಿದ್ದೆ. ಆದರೆ ಅದಕ್ಕೆ ಮುಂಚೆ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡದ್ದು, ತುತ್ತು ಗಂಟಲಲ್ಲಿ ಕೂತು ಯೋಚನೆ ಮಾಡಿದ್ದು, ರೆಪ್ಪೆಯ ತುದಿಯಲ್ಲಿ ನೀರು ಮಿನುಗಿದ್ದು, ಎಲ್ಲವೂ ಎಚ್‌ಡಿಯಲ್ಲಿ ಸ್ವಚ್ಛವಾಗಿ ಬಂತು. ಟೀವಿಯವರಿಗೂ ಇಷ್ಟವಾಗಿರಬೇಕು, ನಿಧಾನಗತಿಯಲ್ಲಿ ಇನ್ನೊಮ್ಮೆ ತೋರಿಸಿದರು.

"ಪಾಪ, ಅಳಿಯಂದ್ರಿಗೆ ಯಾರಾದ್ರೂ ನೀರು ಕೊಡಬೇಕಿತ್ತು ಕಣೇ" ಎಂದರು ಅತ್ತೆ. ಶಾರದಾ ಆಂಟಿ ಸೆರಗು ಬಾಯಿಗೊತ್ತಿಕೊಂಡರು.

ವಸಂತಾ ಎದ್ದು ಒಳಗೆ ಹೋದಳು. ಬಂದವರಿಗೆಂದು ಮಾಡಿಟ್ಟಿದ್ದ ನುಗ್ಗೆಸೊಪ್ಪಿನ ಒಬ್ಬಟ್ಟನ್ನು ತಟ್ಟೆಗೆ ಹಾಕಿ, ಮೇಲೆ ತುಪ್ಪ ಬಿಟ್ಟು ನನ್ನ ಕೈಗೆ ಕೊಟ್ಟಳು. "ತಿನ್ನಿ" ಎಂದಳು. ನನ್ನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿ ಹಾಕಿಕೊಂಡಳು.