ನೀಲಿಯಾದ ರಾವಣ

ನಮ್ಮಕ್ಕ ಮಲ್ಲಿಗೆ ಹೂವನ್ನು ಮೂಸುತ್ತಿರಲಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ! ಹೂವನ್ನು ಒಂದಡಿ ದೂರ ಹಿಡಿದು, ಇನ್ನೊಂದು ಕೈಯಿಂದ ಅದರ ಮೇಲಿನ ಗಾಳಿಯನ್ನು ಮೆಲ್ಲಗೆ ಮೂಗಿನ ಕಡೆ ಬೀಸಿಕೊಳ್ಳುತ್ತಿದ್ದಳು. ಇಂಟರ್‌ಮೀಡಿಯಟ್‌ನಲ್ಲಿ ಸೈನ್ಸ್ ಓದುವಾಗ ಕಲಿತದ್ದಂತೆ. ಯಾವುದನ್ನೂ ನೇರವಾಗಿ ಮೂಸಬಾರದಂತೆ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹೊಸಕೆರೆಹಳ್ಳಿಯಿಂದ ಬುಟ್ಟಿ ಹೊತ್ತು ನಡೆದು ಬಂದ ಹೂವಮ್ಮ ಇದನ್ನು ನೋಡಿ, "ಯಾಕವ್ವ, ನನ್ ಹೂವಿಗೆ ನೊಣ ಮುತ್ತೈತಾ?" ಎಂದು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು!

ಇಂಥವಳ ಕೈಗೆ ಲೈಬ್ರರಿಯಿಂದ ಒಂದು ಹೊಸ ಕಾದಂಬರಿ ಸಿಕ್ಕಿದರೆ ಏನಾಗಬೇಡ? ನಳಿನಿ ಎಂಬ ಹುಡುಗಿ, ಪ್ರಭಾಕರ ಎಂಬ ಹುಡುಗ. ಇಬ್ಬರಿಗೂ ಒಂದೇ ಪ್ರಯೋಗಶಾಲೆಯಲ್ಲಿ ಕೆಲಸ. ಪ್ರೀತಿ ಹುಟ್ಟುವುದು ತೋಟದಲ್ಲಲ್ಲ, ತಕ್ಕಡಿಯ ಮುಂದೆ!

"ನೋಡೇ, ಅವನು ಅವಳ ಕೈ ಹಿಡೀಲಿಲ್ಲ. ಅವಳ ಲೆಕ್ಕದಲ್ಲಿದ್ದ ತಪ್ಪು ತೋರಿಸಿದ. ಅವಳು ನಾಚಿಕೊಂಡಳು!" ಎಂದು ಅಕ್ಕ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು.

"ತಪ್ಪು ತೋರಿಸಿದರೆ ನಾಚೋದ್ಯಾಕೆ? ಮೇಷ್ಟ್ರು ನನಗೆ ದಿನಾ ತೋರಿಸ್ತಿದ್ರು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟೆ" ಅಂದೆ.

ಅಕ್ಕನಿಗೆ ಆ ಇಬ್ಬರೂ ಮನೆಯವರೇ ಆಗಿಹೋದರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆ ಆಂಟಿಯ ಮುಂದೆ ನಿಟ್ಟುಸಿರು ಬಿಟ್ಟಳು: "ಪ್ರಭಾಕರನದು ಚಿನ್ನದಂಥ ಸ್ವಭಾವ ಆಂಟಿ. ಡಾಕ್ಟರೇಟ್ ಆಗಿದೆ. ಆದರೆ ಮದುವೆ ಮಾತು ಯಾಕೋ ಕೂಡಿ ಬರ್ತಿಲ್ಲ."

ಆಂಟಿ ಕೊಡ ಕೆಳಗಿಟ್ಟರು. "ನಮ್ಮವರೇ ಏನಮ್ಮಾ?"

"ನಮ್ಮವರೇ ಅಂದ್ಕೊಳ್ಳಿ."

ಸಂಜೆಯೊಳಗೆ ಅವರ ಮಗಳ ಜಾತಕ ನಮ್ಮ ಮನೆಗೆ ಬಂತು!

ನಗುನಗುತ್ತಲೇ ಇದ್ದೆವು. ಅಷ್ಟರಲ್ಲಿ ಒಂದೇ ವಾರದಲ್ಲಿ ಎರಡು ಸಂಗತಿ ನಡೆದವು. ಚಿತ್ರದುರ್ಗದ ಕಡೆಯ ಒಂದು ಹುಡುಗಿಯರ ಹೈಸ್ಕೂಲಿನಿಂದ ಅಕ್ಕನಿಗೆ ಕಾಗದ ಬಂತು. ಸೈನ್ಸ್ ಪಾಠ ಹೇಳುವ ಕೆಲಸ, ಅಲ್ಲೇ ವಾಸ, ಬೇಗ ಉತ್ತರ ಬರೆಯಿರಿ ಎಂದು. ಅದರ ಬೆನ್ನಿಗೇ ಅಕ್ಕನ ಎರಡೂ ಕಣ್ಣು ಕೆಂಪಗೆ ಊದಿಕೊಂಡವು. ಡಾಕ್ಟರು ಮುಲಾಮು ಹಾಕಿ, ಬಟ್ಟೆ ಕಟ್ಟಿ, ವಾರದ ತನಕ ಬಿಚ್ಚಕೂಡದು ಎಂದರು.

ಅಪ್ಪ ಕೆಲಸದ ವಿಷಯದಲ್ಲಿ "ನಿನ್ನಿಷ್ಟ ಮಗಳೇ" ಅಂದುಬಿಟ್ಟರು. ಅಕ್ಕನಿಗೋ, ಕಾದಂಬರಿ ಅರ್ಧಕ್ಕೆ ನಿಂತದ್ದೇ ಚಿಂತೆ. ಅಲ್ಲಿ ನಳಿನಿಗೂ ದೂರದ ಊರಿನ ಪ್ರಯೋಗಶಾಲೆಯಿಂದ ಕರೆ ಬಂದಿತ್ತಲ್ಲ!

"ನೀನೇ ಓದಿ ಹೇಳೇ. ನಳಿನಿ ಹೋದರೆ ನಾನೂ ಹೋಗ್ತೀನಿ" ಅಂದಳು.

ನನ್ನ ಓದೋ, ದೇವರಿಗೇ ಪ್ರೀತಿ! ಒತ್ತಕ್ಷರವೋ ಗೊತ್ತಿಲ್ಲದ ಪದವೋ ಕಂಡರೆ ಅದನ್ನು ದಾಟಿ, ನನಗೆ ಗೊತ್ತಿರುವ ಪದದ ಮೇಲೆ ಹಾರಿ ಕೂರುವುದು ನನ್ನ ಪದ್ಧತಿ.

"ನಳಿನಿ... ನೀಲಿ... ರಾವಣನನ್ನು... ಸೀಸೆಗೆ ಸುರಿದಳು."

"ಯಾರನ್ನ?"

"ರಾವಣನನ್ನ."

"ಪ್ರಯೋಗಶಾಲೆಗೆ ಅವನ್ಯಾಕೆ ಬಂದ?"

"ನನ್ನ ಕೇಳಿದರೆ? ಬಂದಿದಾನೆ. ನೀಲಿ ಆಗಿದಾನೆ."

ಅಕ್ಕ ನಕ್ಕು ನಕ್ಕು ಕಣ್ಣಿನ ಬಟ್ಟೆ ಒದ್ದೆ ಮಾಡಿಕೊಂಡಳು. "ದ್ರಾವಣ ಕಣೇ! ಉಪ್ಪು ನೀರಲ್ಲಿ ಕರಗಿರುತ್ತಲ್ಲ, ಅದು!" ಮರುದಿನ ಪರಮಾಣುವನ್ನು ಪರಮಾನ್ನ ಎಂದು ಓದಿದೆ. ಪ್ರಭಾಕರ ಹಗಲೂ ರಾತ್ರಿ ಪರಮಾನ್ನ ಒಡೆಯಲು ಹೆಣಗಿದ. "ಯಾರು ಮಾಡಿದ್ದು ಅಕ್ಕಾ, ಅಷ್ಟು ಗಟ್ಟಿ ಪರಮಾನ್ನ?" ಅಂತ ಕೇಳಿದೆ. "ನೀನೇ ಇರಬೇಕು" ಅಂದಳು.

ಹೀಗೆ ತೆವಳುತ್ತಾ ಕೊನೆಯ ಪುಟಕ್ಕೆ ಬಂದೆ. ಬಾಯಿ ತೆರೆಯುವ ಮೊದಲು ಮನಸ್ಸಿನಲ್ಲೇ ಅಕ್ಷರ ಕೂಡಿಸಿ ನೋಡಿದೆ. ನ-ಳಿ-ನಿ ರೈ-ಲು ಹ-ತ್ತಿ-ದ-ಳು.

ಅಂದರೆ ಅಕ್ಕನೂ ಹೋಗುತ್ತಾಳೆ! ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವಳು, ಜ್ವರ ಬಂದಾಗ ಎದ್ದು ಕೂತವಳು ಅಕ್ಕನೇ. ಅವಳಿಲ್ಲದ ಮನೆಯಲ್ಲಿ ಒಂದು ದಿನವನ್ನೂ ನಾನು ಕಂಡಿರಲಿಲ್ಲ. ಪುಟವನ್ನು ನೋಡುತ್ತಲೇ ಜೋರಾಗಿ ಓದಿದೆ: "ನಳಿನಿ ರೈಲು ಹತ್ತಲಿಲ್ಲ. ಪುಟ್ಟ ತಂಗಿಯನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದಳು. ಮನೆಯಲ್ಲೇ ಸುಖವಾಗಿದ್ದಳು. ಮುಗಿಯಿತು."

"ನಳಿನಿಗೆ ತಂಗಿ ಯಾವಾಗ ಹುಟ್ಟಿದಳೇ?"

"ಈಗ. ಇದೇ ಪುಟದಲ್ಲಿ."

ಅಕ್ಕ ಕೈ ಚಾಚಿ ತಡವಿ, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದಳು. "ಹೂಂ. ಅಲ್ಲಿಗೆ ಆಯ್ತು" ಅಂದಳು.

ಎರಡು ದಿನ ಕಳೆದು ಕಣ್ಣಿನ ಬಟ್ಟೆ ಬಿಚ್ಚಿದರು. ಪುಸ್ತಕ ಮಂಚದ ಮೇಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಕಾಗದ, ಪೆನ್ನು ತೆಗೆದುಕೊಂಡು, ಬರಲಾಗುವುದಿಲ್ಲ ಎಂದು ಹೈಸ್ಕೂಲಿಗೆ ಉತ್ತರ ಬರೆಯತೊಡಗಿದಳು. ನನಗೇ ತಡೆಯಲಾಗಲಿಲ್ಲ.

"ಅಕ್ಕಾ, ಕೊನೇ ಪುಟ ಒಂದ್ಸಲ ನೋಡ್ಬಿಡು. ನಾನು ತಪ್ಪು ಓದಿರಬಹುದು."

"ಇಡೀ ಪುಸ್ತಕದಲ್ಲಿ ನೀನು ಎಲ್ಲೂ ತಡವರಿಸದೆ ಓದಿದ್ದು ಅದೊಂದೇ ಪುಟ ಕಣೇ" ಅಂದಳು.

ಬೈಯಲಿಲ್ಲ. ನಗಲೂ ಇಲ್ಲ. ನನ್ನನ್ನು ಎಳೆದು ಮುಂದೆ ಕೂರಿಸಿಕೊಂಡು, ಬಿಚ್ಚಿಹೋಗಿದ್ದ ಜಡೆ ಹೆಣೆದಳು. ಆಮೇಲೆ ಲಕೋಟೆ ಅಂಟಿಸಿ ನನ್ನ ಕೈಗೆ ಕೊಟ್ಟಳು.

"ಪೋಸ್ಟ್ ಡಬ್ಬಕ್ಕೆ ಹಾಕಿ ಬಾ. ಹಾಕೋದು ಬೇಡ ಅನ್ನಿಸಿದ್ರೆ ವಾಪಸ್ ತಗೊಂಡ್ ಬಾ, ಹರಿದು ಹಾಕಿ ಬೇರೆ ಬರೀತೀನಿ."

ಡಬ್ಬ ಇದ್ದದ್ದು ಏಳೆಂಟು ಖಾಲಿ ಸೈಟು ದಾಟಿ, ರಸ್ತೆಯ ಆ ತುದಿಯಲ್ಲಿ. ಯೋಚನೆ ಮಾಡಿ ಮನಸ್ಸು ಬದಲಾಯಿಸುವುದಕ್ಕೆ ಬೇಕಾದಷ್ಟು ದಾರಿ. ನಾನು ನಡೆಯಲಿಲ್ಲ ಕಣ್ರೀ, ಓಡಿದೆ.