ಬಾಗಿಲು ಜರುಗಿಸುವ ನನ್ನ ಷಡ್ಡಕ

ನನ್ನ ಷಡ್ಡಕನಿಗೆ ದೇವರಲ್ಲಿ ನಂಬಿಕೆಯಿದೆ, ಪಂಚಾಂಗದಲ್ಲಿ ನಂಬಿಕೆಯಿದೆ, ಪಕ್ಕದ ಮನೆಯ ನಾಯಿಯಲ್ಲಿಯೂ ನಂಬಿಕೆಯಿದೆ. ಆದರೆ ನಿನ್ನೆ ಇದ್ದ ಬಾಗಿಲು ಇವತ್ತೂ ಅಲ್ಲೇ ಇರಬೇಕು ಎಂಬ ಮಾತಿನಲ್ಲಿ ಮಾತ್ರ ಎಳ್ಳಷ್ಟೂ ನಂಬಿಕೆಯಿಲ್ಲ! ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಈ ಸಂಬಂಧವನ್ನು ಸೃಷ್ಟಿಸಿದ ಪುಣ್ಯಾತ್ಮನ ಉದ್ದೇಶ ಏನಿತ್ತೋ ನಾನರಿಯೆ. ಒಂದೇ ಮನೆಯ ಇಬ್ಬರು ಅಳಿಯಂದಿರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ, ಯಾರ ಎಲೆಗೆ ತುಪ್ಪ ಮೊದಲು ಬೀಳುತ್ತದೆಂದು ನೋಡುವುದೇ ಆಗಿದ್ದರೆ ಆ ಉದ್ದೇಶ ಸಂಪೂರ್ಣವಾಗಿ ಈಡೇರಿದೆ.

ಅವನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಆಗಿನ್ನೂ ನಮ್ಮೂರಿನ ವಿಮಾನಗಳು ದೇವನಹಳ್ಳಿಗೆ ಗುಳೆ ಹೋಗಿರಲಿಲ್ಲ. ದೊಮ್ಮಲೂರು ದಾಟಿದರೆ ಇಲ್ಲೇ ಇಳಿಯುತ್ತಿದ್ದವು. ವಿಮಾನ ಹತ್ತುವವರಿಗಿಂತ ಅದನ್ನು ನೋಡಲು ಬರುವವರೇ ಹೆಚ್ಚಾಗಿದ್ದ ಕಾಲದಲ್ಲಿ ಕಟ್ಟಿದ ನಿಲ್ದಾಣ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಿಗೆ ಊರೇ ಟೈ ಕಟ್ಟಿಕೊಂಡು ಮುಂಬೈಗೆ ಹೋಗಿ ಬರತೊಡಗಿತು. ಕಟ್ಟಡವನ್ನು ಒಡೆದು ದೊಡ್ಡದು ಮಾಡುವ ಕೆಲಸ ಶುರುವಾಯಿತು. ಆದರೆ ಒಡೆಯುವಾಗ ಬೀಗ ಹಾಕುವಂತಿಲ್ಲ! ಮೇಲಿಂದ ವಿಮಾನ ಬರುತ್ತಲೇ ಇರುತ್ತದೆ. 'ಸ್ವಲ್ಪ ತಡಿಯಪ್ಪ, ಸಿಮೆಂಟ್ ಹಸಿ ಇದೆ' ಎಂದು ಅದಕ್ಕೆ ಹೇಳುವುದು ಹೇಗೆ? ಹೀಗಾಗಿ ಜನ ಒಂದು ಕಡೆ ನಡೆಯುತ್ತಿರುವಾಗಲೇ ಇನ್ನೊಂದು ಕಡೆ ಗೋಡೆ ಕೆಡವಬೇಕು. ನಡುವೆ ಹಲಗೆ ನಿಲ್ಲಿಸಿ, ಹಗ್ಗ ಕಟ್ಟಿ, ಬಾಣದ ಗುರುತು ಅಂಟಿಸಿ, ಪ್ರಯಾಣಿಕರ ಸಾಲನ್ನು ಅವರಿಗೇ ತಿಳಿಯದಂತೆ ತಿರುಗಿಸುವ ಘನಕಾರ್ಯ ನನ್ನ ಷಡ್ಡಕನ ಪಾಲಿಗೆ ಬಂತು.

ನಾನಾದರೋ ಶಿವಾಜಿನಗರದ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ನಮ್ಮಲ್ಲಿ ಸುಣ್ಣ ಹೊಡೆಸಿದಾಗ ಒಂದು ವಾರ ಸಾರ್ವಜನಿಕರಿಗೆ ಪ್ರವೇಶ ನಿಲ್ಲಿಸಿದೆವು. ಸುಣ್ಣ ಒಣಗಲೆಂದು ಇನ್ನೊಂದು ವಾರ. ಗಂಭೀರವಾದ ಕಚೇರಿ ನಡೆಯಬೇಕಾದದ್ದೇ ಹೀಗೆ. ಆದರೆ ಹಲಸೂರಿನ ಮಾವನ ಮನೆಯಲ್ಲಿ ಇದನ್ನೆಲ್ಲ ಕೇಳುವವರು ಯಾರು? ನಮ್ಮ ಅತ್ತೆ ಬೀದಿಗೆಲ್ಲ ಸಾರಿಕೊಂಡು ಬಂದಿದ್ದರು: "ನಮ್ಮ ಚಿಕ್ಕಳಿಯಂದ್ರು ಒಂದಿನ ರಜ ಹಾಕಿದ್ರೆ ಮುಗೀತು, ಒಂದು ವಿಮಾನಾನೂ ಮೇಲಕ್ಕೇಳಲ್ಲ!" ನಾನು ರಜ ಹಾಕಿದರೆ ಏನು ಮೇಲಕ್ಕೇಳುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

"ನಿಮಗೆ ಹೊಟ್ಟೆಕಿಚ್ಚು," ಎಂದಳು ನನ್ನ ಹೆಂಡತಿ.

"ಛೆ, ನನಗಾ?"

"ಮತ್ತೆ ತಲೆ ಮೇಲೆ ವಿಮಾನ ಹೋದಾಗೆಲ್ಲ ಯಾಕೆ ಹಾಗೆ ಗುರಾಯಿಸ್ತೀರಿ?"

ಒಮ್ಮೆ ದೆಹಲಿಯಿಂದ ನಮ್ಮ ದೊಡ್ಡ ಸಾಹೇಬರು ಬರುವವರಿದ್ದರು. ಅವರನ್ನು ಎದುರುಗೊಳ್ಳುವ ಹೊಣೆಯನ್ನು ಎದೆ ತಟ್ಟಿ ನಾನೇ ತೆಗೆದುಕೊಂಡೆ. ಏರ್‌ಪೋರ್ಟಿನ ಮೂಲೆಮೂಲೆಯೂ ನನಗೆ ಗೊತ್ತು, ನನ್ನ ಷಡ್ಡಕ ಅಲ್ಲೇ ಇರುವುದು ಎಂದೆ. (ಮನೆಯ ಹೊರಗೆ ಅವನನ್ನು ಬಳಸಿಕೊಳ್ಳುವುದಕ್ಕೆ ನನ್ನ ಅಭ್ಯಂತರವೇನೂ ಇರಲಿಲ್ಲ.) ಹಿಂದಿನ ದಿನವೇ ಹೋಗಿ ಬಾಗಿಲು ನೋಡಿಕೊಂಡು ಬಂದಿದ್ದೆ. ಮರುದಿನ ರಸೆಲ್ ಮಾರ್ಕೆಟ್ಟಿನಿಂದ ತಂದ ಗುಲಾಬಿ ಹಾರ ಹಿಡಿದು ಅದೇ ಬಾಗಿಲಲ್ಲಿ ನಿಂತೆ. ಜನ ನನ್ನನ್ನೂ ಹಾರವನ್ನೂ ದಾಟಿಕೊಂಡು ಒಳಕ್ಕೆ ಹೋಗುತ್ತಿದ್ದರೇ ಹೊರತು ಹೊರಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಸಾಹೇಬರು ಇನ್ನೆಲ್ಲೋ ಹೊರಬಿದ್ದು ಆಟೋ ಹತ್ತಿ ಹೋದ ಮೇಲೆ ಷಡ್ಡಕ ವಾಕಿಟಾಕಿ ಹಿಡಿದು ಓಡಿಬಂದ.

"ಭಾವ! ಇಲ್ಯಾಕೆ ನಿಂತಿದ್ದೀರಿ? ಇದು ಬೆಳಗ್ಗೆಯಿಂದ ಹೊರಡೋರ ಬಾಗಿಲು!"

"ನಿನ್ನೆ ಬರೋರ ಬಾಗಿಲಾಗಿತ್ತಲ್ಲಯ್ಯಾ?"

"ಅದು ನಿನ್ನೆ ಭಾವ, ನಿನ್ನೆ!" ಎಂದ, ನಾನೇನೋ ಮಹಾರಾಜರ ಕಾಲದ ವಿಷಯ ಎತ್ತಿದೆನೆಂಬಂತೆ. "ಬಾಣದ ಗುರುತು ಹಾಕಿದೀವಲ್ಲ, ನೋಡ್ಲಿಲ್ವಾ?"

ಹೇಗೆ ನೋಡಲಿ? ಅದಕ್ಕೆ ನಾನೇ ಒರಗಿಕೊಂಡು ನಿಂತಿದ್ದೆ. ಹಾರವನ್ನು ಮನೆಗೆ ತಂದು ದೇವರಿಗೆ ಹಾಕಿದೆ. ದೇವರ ಮನೆಯ ಬಾಗಿಲಾದರೂ ನಿನ್ನೆ ಇದ್ದಲ್ಲೇ ಇತ್ತು!

ಇಷ್ಟನ್ನೂ ಸಹಿಸಿಕೊಂಡಿದ್ದೆ. ಹಿರಿಯ ಅಳಿಯನ ಸ್ಥಾನವೆಂಬುದೊಂದು ನನ್ನ ಬಳಿ ಉಳಿದಿತ್ತಲ್ಲ! ಅದಕ್ಕೂ ಸಂಚಕಾರ ಬಂದದ್ದು ಮಾವನ ಮನೆಯ ಸೂರಿಗೆ ಗೆದ್ದಲು ಹಿಡಿದಾಗ. ಹಳೆಯ ಮನೆ; ತೊಲೆಗಳು ಒಳಗೊಳಗೇ ಪುಡಿಯಾಗಿದ್ದವು. ಮಾವನಿಗೋ ಕಣ್ಣು ಪೂರ್ತಿ ಹೋಗಿತ್ತು. ಆದರೂ ಯಾರ ಕೈಯನ್ನೂ ಹಿಡಿಯದೆ, ಗೋಡೆ ಸವರಿಕೊಂಡು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ ತಾವೇ ಹೋಗಿ ಬರುತ್ತಿದ್ದರು.

ನಾನು ಇಂದಿರಾನಗರದ ನಮ್ಮ ಮನೆಯಲ್ಲಿ ಅವರಿಗೊಂದು ಕೋಣೆ ಸಜ್ಜು ಮಾಡಿದೆ. ಹೊಸ ಮಂಚ, ಹೊಸ ಹಾಸಿಗೆ. ಕೆಲಸ ಮುಗಿಯುವ ತನಕ ಅತ್ತೆ ಮಾವ ಹಿರಿಯ ಅಳಿಯನ ಮನೆಯಲ್ಲಿ, ಹಲಸೂರಿಗೆಲ್ಲ ಗೊತ್ತಾಗಲಿ! ಒಂದು ಭಾನುವಾರ ಮಾವ ಉಂಡು ಮಲಗಿದ ಮೇಲೆ, ಅವರ ಮನೆಯಲ್ಲೇ ನಾವು ಊಟಕ್ಕೆ ಕುಳಿತಾಗ ಗಂಟಲು ಸರಿಮಾಡಿಕೊಂಡು ವಿಷಯ ಎತ್ತಿದೆ. ಷಡ್ಡಕ ಹಪ್ಪಳ ಮುರಿಯುತ್ತ ತಲೆಯಾಡಿಸಿದ.

"ಮಾವನ್ನ ಕದಲಿಸೋದು ಬೇಡ ಭಾವ. ನಿಮ್ಮನೆ ಗೋಡೆ ಅವರ ಕೈಗೆ ಹೊಸದು, ಎಡವಿಬಿಡ್ತಾರೆ."

"ಮತ್ತೆ ಸೂರು ತಲೆ ಮೇಲೆ ಬೀಳ್ಲಿ ಅಂತೀಯಾ?"

"ಮುಚ್ಚದೇನೇ ಕಟ್ಟೋಣ. ಮನೆ ಪಾಡಿಗೆ ಮನೆ ಓಡ್ತಿರ್ಲಿ, ಕೆಲಸದ ಪಾಡಿಗೆ ಕೆಲಸ."

"ಇದು ಮನೆ ಕಣಯ್ಯಾ, ನಿನ್ನ ಏರ್‌ಪೋರ್ಟ್ ಅಲ್ಲ!"

"ಎರಡೂ ಒಂದೇ ಭಾವ. ಹೊಸ ದಾರಿ ಕಾಲಿಗೆ ರೂಢಿಯಾದ್ಮೇಲೇ ಹಳೇ ಗೋಡೆಗೆ ಸುತ್ತಿಗೆ ಹಾಕೋದು. ಅಷ್ಟೇ."

ಅತ್ತೆ ಅವನ ಎಲೆಗೆ ಇನ್ನೊಂದು ಹಪ್ಪಳ ಹಾಕಿದರು. ತೀರ್ಪು ಹೊರಬಿದ್ದಿತ್ತು. ಹೊಸ ಮಂಚದ ಮೇಲೆ ನಾನೇ ಮಲಗಿದೆ, ನಿದ್ದೆ ಬರಲಿಲ್ಲ.

ಅಂದಿನಿಂದ ಆ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಗೌರಿ ಹಬ್ಬಕ್ಕೆ ಹೆಂಡತಿಯ ಬಲವಂತಕ್ಕೆ ಒಮ್ಮೆ ಹೋದರೆ ಏನು ನೋಡುವುದು! ಬಾಗಿಲಲ್ಲೇ ಒಂದು ಬೋರ್ಡು: 'ಅಡಚಣೆಗಾಗಿ ವಿಷಾದಿಸುತ್ತೇವೆ.' ಕನ್ನಡ, ಹಿಂದಿ, ಇಂಗ್ಲಿಷು. ಹಲಸೂರಾದ್ದರಿಂದ ತಮಿಳಿನಲ್ಲಿಯೂ ವಿಷಾದ. ಒಳಗೆ ಎಲ್ಲೆಲ್ಲೂ ಹಲಗೆ, ಬಾಣದ ಗುರುತು, ಸೊಂಟದೆತ್ತರಕ್ಕೆ ಎಳೆದು ಕಟ್ಟಿದ ಹಗ್ಗ. ಹಣ್ಣಿನ ತಟ್ಟೆ ಹಿಡಿದು, ಬಾಣವನ್ನು ಶ್ರದ್ಧೆಯಿಂದ ಅನುಸರಿಸಿ, ದೇವರ ಮುಂದೆ ನಿಲ್ಲುತ್ತೇನೆಂದುಕೊಂಡವನು ಬಚ್ಚಲ ಹಂಡೆಯ ಮುಂದೆ ನಿಂತೆ. ಅಲ್ಲಿಂದ ಅಡುಗೆಮನೆಯೆಂದುಕೊಂಡು ನುಗ್ಗಿ, ಸಿಮೆಂಟಿನ ಮೂಟೆಗೆ ಕಾಲು ತಾಗಿಸಿಕೊಂಡೆ.

"ಅಡುಗೆಮನೆ ಮೊನ್ನೆ ನಡುಮನೆಗೆ ಬಂತಲ್ಲ ಅಳಿಯಂದ್ರೆ, ಗೊತ್ತಿಲ್ವಾ?" ಎಂದರು ಅತ್ತೆ, ನೆಂಟರ ಹುಡುಗಿಗೆ ಮದುವೆ ಗೊತ್ತಾದ ಸುದ್ದಿ ಹೇಳುವಂತೆ. ಮಾವ ಮಲಗಿದ್ದರು. ಎಬ್ಬಿಸುವುದು ಬೇಡವೆಂದು, ಮುಖ ಊದಿಸಿಕೊಂಡೇ ಹೊರಟು ಬಂದೆ.

ಕೊನೆಗೆ ಉಳಿದದ್ದು ಮಾವನ ಕೋಣೆಯ ಒಂದು ಗೋಡೆ. ಅದರ ಆಚೆ ಹೊಸ ಕೋಣೆ ಸಿದ್ಧವಾಗಿತ್ತು. ಇದೊಂದನ್ನು ಒಡೆದರೆ ಮನೆ ಮುಗಿದಂತೆ. ಆ ದಿನ ಷಡ್ಡಕ ನನ್ನ ಕಚೇರಿಗೆ ಫೋನು ಮಾಡಿದ.

"ಭಾವ, ಇವತ್ತು ಇಲ್ಲಿ ಜನಾನ್ನೆಲ್ಲ ಹಳೇ ಹಾಲಿಂದ ಹೊಸ ಹಾಲಿಗೆ ತಿರುಗಿಸ್ಬೇಕು, ನನಗೆ ಅಲ್ಲಾಡೋಕಾಗಲ್ಲ. ಹಲಸೂರಲ್ಲಿ ಮಾವ ಗೋಡೆ ಮುಟ್ಟೋಕೆ ಬಿಡ್ತಿಲ್ವಂತೆ. ನೀವು ಹೋಗ್ತೀರಾ?"

ಆಹಾ! ನನ್ನ ಕಿವಿಗೆ ಮಂಗಳವಾದ್ಯ ಕೇಳಿಸಿತು. "ಅಷ್ಟು ದೊಡ್ಡ ನಿಲ್ದಾಣ ಓಡಿಸೋನಿಗೆ ಒಂದು ಗೋಡೆ ಒಡೆಸೋಕಾಗಲಿಲ್ವೇನಯ್ಯಾ?"

"ಆಗಲ್ಲ ಭಾವ. ನೀವೇ ಆಗ್ಬೇಕು."

ಅರ್ಧ ದಿನ ರಜ ಹಾಕಿ, ಅವನ ಸೋಲನ್ನು ಕಣ್ಣಾರೆ ನೋಡಲು ಹೋದೆ. ಕಲಬುರಗಿ ಕಡೆಯ ಮೇಸ್ತ್ರಿ ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡು ಕುಕ್ಕರುಗಾಲಲ್ಲಿ ಕುಳಿತಿದ್ದ. "ಒಡೀಲೇನ್ರೀ ಸಾಹೇಬ್ರ? ಮುಂಜಾನಿಂದ ಹಿಂಗಾ ಕುಂತೀನ್ರಿ," ಎಂದ. ಮಾವ ಮಂಚದ ಮೇಲೆ ಕುಳಿತು ಅಂಗೈಯನ್ನು ಗೋಡೆಗೆ ಒತ್ತಿಕೊಂಡಿದ್ದರು.

"ಮಾವ, ನಾನು."

"ಹಿರಿಯಳಿಯಂದ್ರಾ?" ಅವರ ಮುಖ ಸಡಿಲವಾಯಿತು. "ಅಂತೂ ಬಂದ್ರಲ್ಲ! ದಿನಾ ಹೇಳಿ ಕಳಿಸ್ತಿದ್ರಿ, ನೀವು ಮಾತ್ರ ಬರ್ತಾನೇ ಇರ್ಲಿಲ್ಲ."

"ನಾನು ಏನು ಹೇಳಿ ಕಳಿಸಿದೆ ಮಾವ?"

"ಅದೇ, ಅಡುಗೆಮನೆ ನಡುಮನೆಗೆ ಹಾಕಿ ಅಂತ. ಬಚ್ಚಲಿಗೆ ಹೋಗೋ ದಾರಿಗೆ ಹಗ್ಗ ಕಟ್ಟಿ ಅಂತ. ಚಿಕ್ಕಳಿಯ ಬಂದು ಹೇಳೋನು, 'ಭಾವ ಹೀಗಂದ್ರು, ಭಾವ ಹಾಗಂದ್ರು' ಅಂತ. ಏರೋಪ್ಲೇನಿನವನಿಗೆ ಮನೆ ಕಟ್ಟೋದು ಏನು ಗೊತ್ತು? ನೀವು ಹೇಳಿದ್ದೀರಿ ಅಂತ ಒಪ್ಕೊಂಡೆ. ಆದ್ರೆ ಇದು ಕೊನೇ ಗೋಡೆ. ನಿಮ್ಮ ಬಾಯಲ್ಲೇ ಕೇಳ್ಬೇಕು ಅನ್ನಿಸ್ತು. ಒಡೀಬಹುದಾ?"

ನಾನು ಅತ್ತೆಯ ಮುಖ ನೋಡಿದೆ. "ನಿಮ್ಮ ಹೆಸರು ಹೇಳ್ದಿದ್ರೆ ಇವರು ಒಂದು ಮೊಳೆ ಹೊಡೆಯೋಕೂ ಬಿಡ್ತಿರ್ಲಿಲ್ಲ. ಹಾಗೆ ಹೇಳೋಣ ಅಂದಿದ್ದು ಚಿಕ್ಕಳಿಯಂದ್ರೇ," ಎಂದು ಪಿಸುಗುಟ್ಟಿದರು.

ಯಾವ ಪೀಠ ಕೈತಪ್ಪಿತೆಂದು ನಾನು ಇಷ್ಟು ದಿನ ಉರಿದುಕೊಂಡಿದ್ದೆನೋ ಅದರ ಮೇಲೆ ನನ್ನನ್ನೇ ಕೂರಿಸಿ ಮನೆಗೆ ಮನೆಯೇ ಕಟ್ಟಿದ್ದರು. ಸುದ್ದಿ ತಿಳಿಯದಿದ್ದವನು ನಾನೊಬ್ಬನೇ.

"ಒಡೀಬಹುದು ಮಾವ," ಎಂದೆ. "ಆದ್ರೆ ಇದ್ಯಾವುದೂ ನಾನು ಹೇಳಿದ್ದಲ್ಲ. ಎಲ್ಲಾ ಅವನದೇ."

ಮಾವ ಗೋಡೆಯಿಂದ ಕೈ ತೆಗೆದು, ಮಂಚದ ಪಕ್ಕದ ಹಗ್ಗವನ್ನು ಹುಡುಕಿ ಹಿಡಿದರು.

"ಈ ಹಗ್ಗಾನೂ ಅವನೇ ಕಟ್ಟಿಸಿದ್ದಾ?"

"ಅವನೇ."

"ಇಷ್ಟು ದಿನದಲ್ಲಿ ನಾನು ಎಲ್ಲೂ ಎಡವಲಿಲ್ಲ," ಎಂದರು. "ಸಂಜೆ ಬರೋಕೆ ಹೇಳಿ. ಹೊಸ ಕೋಣೆಗೆ ಅವನೇ ಕೈ ಹಿಡಿದು ಕರ್ಕೊಂಡು ಹೋಗ್ಲಿ."

ಸುತ್ತಿಗೆಯ ಸದ್ದು ಶುರುವಾದ ಮೇಲೆ, ಫೋನನ್ನು ಸಾಗಿಸಿಟ್ಟಿದ್ದ ಜಗಲಿಗೆ ಬಂದು ಏರ್‌ಪೋರ್ಟಿಗೆ ಕರೆ ಮಾಡಿದೆ.

"ಮಾವ ಒಪ್ಪಿದ್ರಾ ಭಾವ?"

"ಒಪ್ಪಿದ್ರು."

"ಒಪ್ದೆ ಏನು ಬಿಡಿ. ನಾನು ಇಷ್ಟು ದಿನ ಧೂಳು ಕುಡಿದ್ರೂ ಆ ಮನೇಲಿ ನಿಮ್ಮ ಮಾತೇ ಮಾತು."

ನಗುತ್ತಲೇ ಅಂದ. ಆದರೆ ಆ ನಗುವಿನ ಅಡಿಯಲ್ಲಿದ್ದ ಉರಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದನ್ನು ಸಾಕಿಕೊಂಡವನು ನಾನೊಬ್ಬನೇ ಎಂದು ತಿಳಿದಿದ್ದೆ.

"ಮಾವನಿಗೆ ಎಲ್ಲಾ ಹೇಳ್ಬಿಟ್ಟೆ ಕಣಯ್ಯಾ," ಎಂದೆ. "ಸಂಜೆ ಹೊಸ ಕೋಣೆಗೆ ನೀನೇ ಕೈ ಹಿಡಿದು ಕರ್ಕೊಂಡು ಹೋಗ್ಬೇಕಂತೆ."

ಅತ್ತ ಯಾವುದೋ ವಿಮಾನ ಹೊರಡುತ್ತದೆಂದು ಒಬ್ಬ ಹೆಂಗಸು ಹೇಳತೊಡಗಿದಳು. ಕನ್ನಡದಲ್ಲಿ ಹೇಳಿ, ಹಿಂದಿಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಮುಗಿಸುವ ತನಕ ಫೋನು ಕಿವಿಗೆ ಹಿಡಿದೇ ಕಾದೆ.

"ಎಷ್ಟೊತ್ತಿಗೆ ಬರ್ಲಿ ಭಾವ?" ಎಂದ.